ಗೃಹಕೃತ್ಯ ವಿಚಾರ: ಇರುಳಿನ ಕಣ್ಣು



ಮನೆಯ ಕಾವಲಿಗೆ ಕ್ಯಾಮೆರಾವನ್ನು ತಾವೇ ತಂದು ಕೂರಿಸಿಕೊಳ್ಳಬೇಕೆಂದಿರುವವರು ಈಚೆಗೆ ಬಹಳ ಮಂದಿ. ರಾತ್ರಿಯ ಹೊತ್ತು ಯಾವುದು ಚೆನ್ನಾಗಿ ಕಾಣಿಸುವುದೆಂಬುದೇ ಅವರೆಲ್ಲರ ಪ್ರಶ್ನೆ. ನಾನು ಈ ವಿದ್ಯೆಯಲ್ಲಿ ಪಂಡಿತನಲ್ಲ. ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ವಿಶ್ರಾಂತನಾದ ಉಪಾಧ್ಯಾಯನು. ಆದರೆ ಒಂದು ತಪ್ಪನ್ನು ಮಾಡಿ, ಅದರಿಂದ ಕೆಲವು ಸಂಗತಿಗಳನ್ನು ಕಲಿತೆನು. ಮೊದಲು ಆ ತಪ್ಪನ್ನು ಹೇಳಿಬಿಡುವುದು ಯುಕ್ತವಾಗಿ ತೋರುವುದು.

ಕಳೆದ ಮಾಗಿಯಲ್ಲಿ ಒಂದು ರಾತ್ರಿ ನಮ್ಮ ಹಿತ್ತಿಲ ಬಚ್ಚಲುಮನೆಯಿಂದ ತಾಮ್ರದ ಹಂಡೆ ಕಾಣೆಯಾಯಿತು. ಹಿತ್ತಿಲ ಬಾಗಿಲಿನ ಮೇಲೆ ನಾನೇ ಕೈಯಾರೆ ಕೂರಿಸಿದ ಕ್ಯಾಮೆರಾ ಇದ್ದಿತು. ಬೆಳಗ್ಗೆ ತೆರೆದು ನೋಡಿದರೆ, ಮುಖವೆಲ್ಲ ಕದಡಿದ, ಬಿಳಿಯ ಅಂಗಿ ತೊಟ್ಟ, ಸಣ್ಣ ಮೈಕಟ್ಟಿನ ಒಂದು ಆಕೃತಿ. ನಮ್ಮ ಬೀದಿಗೆ ಪತ್ರಿಕೆ ಹಾಕುವ ಹುಡುಗನು ಅಂತಹದೇ ಮೈಕಟ್ಟಿನವನು; ನಿತ್ಯವೂ ಬಿಳಿಯ ಅಂಗಿಯನ್ನೇ ತೊಡುವನು. ನೆರೆಯವರು ಆಗಲೇ ತೀರ್ಮಾನಕ್ಕೆ ಬಂದರು. ನಾನೂ ಸುಮ್ಮನಿರದೆ ಅವನನ್ನು ಕರೆದು ಎಲ್ಲರ ಮುಂದೆ ಕೇಳಿದೆನು. "ಮೇಷ್ಟ್ರೇ, ನಿಮ್ಮ ಹಿತ್ತಿಲನ್ನು ನಾನು ಕಣ್ಣಿನಿಂದ ಕಂಡವನಲ್ಲ" ಎಂದು ಹೇಳಿ ಅವನು ತಲೆತಗ್ಗಿಸಿ ನಿಂತನು.

ಅಂದು ರಾತ್ರಿ ನಮ್ಮ ಮನೆಯಾಕೆಯು, "ಅದೇ ಜಾಗದಲ್ಲಿ ನೀವೇ ಒಮ್ಮೆ ನಿಂತು ನೋಡಬಾರದೇ?" ಎಂದಳು. ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಕರಿಯ ಕೋಟನ್ನೇ ತೊಟ್ಟು ಹೋಗಿ ನಿಂತೆನು. ಚಿತ್ರದಲ್ಲಿ ಆ ಕೋಟು ಹಾಲಿನಂತೆ ಬೆಳ್ಳಗೆ ಕಂಡಿತು!

ಇದರ ಕಾರಣವು ಹೀಗೆ. ಕತ್ತಲಾದೊಡನೆ ಇಂತಹ ಕ್ಯಾಮೆರಾದೊಳಗೆ 'ಟಿಕ್' ಎಂದು ಸದ್ದಾಗುವುದನ್ನು ಕೇಳಿರಬಹುದು. ಹಗಲಿನಲ್ಲಿ ಇನ್‌ಫ್ರಾರೆಡ್ ಎಂಬ ಅವಕೆಂಪು ಕಿರಣಗಳನ್ನು ತಡೆಯುವ ಗಾಜು ಆಗ ಪಕ್ಕಕ್ಕೆ ಸರಿಯುವುದು, ಮಸೂರದ ಸುತ್ತಲಿನ ಪುಟ್ಟ ದೀಪಗಳು ಆ ಕಿರಣಗಳನ್ನೇ ಚೆಲ್ಲುವುವು, ಚಿತ್ರವು ಕಪ್ಪುಬಿಳುಪಾಗುವುದು. ಬಟ್ಟೆಗೆ ಕಟ್ಟುವ ಎಷ್ಟೋ ಕರಿಯ ಬಣ್ಣಗಳು ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು ನುಂಗುವುವಾದರೂ ಈ ಕಿರಣವನ್ನು ಹಿಂದಕ್ಕೆ ಕಳುಹಿಸುವುವು. ಆದುದರಿಂದ ಕರಿದು ಬಿಳಿದಾಗಿ ತೋರುವುದು. ರೂಪವು ಪ್ರತ್ಯಕ್ಷವಾಗಲು ಬೆಳಕು ಸಹಕಾರಿಯೆಂದು ತರ್ಕಪಾಠದಲ್ಲಿ ಕಲಿತಿದ್ದ ನಾನು, ಬೆಳಕು ಬೇರೆಯಾದರೆ ರೂಪವೂ ಬೇರೆಯಾದೀತೆಂಬುದನ್ನು ಯೋಚಿಸಿರಲಿಲ್ಲ. ಹಂಡೆ ಕದ್ದವನ ಅಂಗಿ ಕಪ್ಪೋ ಬಿಳುಪೋ ಹೇಳುವವರಾರು?

ಇನ್ನು ಕೊಳ್ಳುವ ವಿಚಾರ. ರಾತ್ರಿಯ ಕ್ಯಾಮೆರಾಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಮೇಲೆ ಹೇಳಿದ ಅವಕೆಂಪು ದೀಪದ್ದು. ಅಗ್ಗವಾದುದು, ಗಾಢಾಂಧಕಾರದಲ್ಲಿಯೂ ಕಾಣುವುದು. ಇದರಲ್ಲಿ 850 ನ್ಯಾನೊಮೀಟರಿನ ದೀಪವು ದೂರಕ್ಕೆ ಬೀಳುವುದು, ಆದರೆ ಹತ್ತಿರದಿಂದ ನೋಡಿದರೆ ಮಂದವಾದ ಕೆಂಡದಂತೆ ಕಾಣುವುದು. 940ರ ದೀಪವು ಕಣ್ಣಿಗೆ ಕಾಣದು, ಆದರೆ ಅದಕ್ಕೆ ಸೆನ್ಸರ್ ಅಷ್ಟಾಗಿ ಸ್ಪಂದಿಸದಾದುದರಿಂದ ಚಿತ್ರವು ಮಂಕು. ಇವುಗಳ ಮುಂದೆ ಜೇಡವು ಬಲೆ ಕಟ್ಟಿದರೆ ಬಲೆಯೇ ಬೆಳಗಿ ಉಳಿದುದೆಲ್ಲ ಮರೆಯಾಗುವುದು. ವಾರಕ್ಕೊಮ್ಮೆ ಒರೆಸತಕ್ಕದ್ದು.

ಎರಡನೆಯದು ಇರುವ ಅಲ್ಪ ಬೆಳಕನ್ನೇ ಹೀರಿ ಬಣ್ಣದ ಚಿತ್ರ ಕೊಡುವುದು. ಸೋನಿ ಸಂಸ್ಥೆಯು ಹೊರತಂದ ಸ್ಟಾರ್‌ವಿಸ್ ಸೆನ್ಸರ್ ಈ ಜಾತಿಯದು. ಬೀದಿದೀಪದ ಬೆಳಕು ಅಂಗಳಕ್ಕೆ ಬೀಳುವ ಮನೆಗಳಿಗೆ ಇದೇ ಉತ್ತಮ.

ಮೂರನೆಯದು ಬಿಳಿಯ ದೀಪವನ್ನು ತಾನೇ ಬೆಳಗಿ ಬಣ್ಣವನ್ನು ಕಾಣಿಸುವುದು. ಅಂಗಿಯ ಬಣ್ಣ ನಿಜವಾಗಿ ತಿಳಿಯುವುದು. ಆದರೆ ಎದುರು ಮನೆಯವರ ಮಲಗುವ ಕೋಣೆಗೆ ಬೆಳಕು ಹೊಡೆಯದಂತೆ ನೋಡಿಕೊಳ್ಳಬೇಕು.

ಡಬ್ಬಿಯ ಮೇಲಿನ ಅಂಕಿಗಳನ್ನು ನಂಬಿ ಮೋಸಹೋಗಬಾರದು. ಹುಣ್ಣಿಮೆಯ ಬೆಳದಿಂಗಳು ಸುಮಾರು ಕಾಲು ಲಕ್ಸ್. ಚಂದ್ರನಿಲ್ಲದ ನಕ್ಷತ್ರದ ಬೆಳಕು ಸುಮಾರು 0.001 ಲಕ್ಸ್. ಇಷ್ಟರಲ್ಲಿಯೂ ಕಾಣುವುದೆಂದು ಬರೆದಿರುವಲ್ಲಿ, ಕ್ಯಾಮೆರಾವು ಕಣ್ಣನ್ನು ಬಹುಕಾಲ ತೆರೆದಿಟ್ಟು ಬೆಳಕನ್ನು ಕೂಡಿಸಿರುವುದುಂಟು. 1/3 ಸೆಕೆಂಡು ತೆರೆದಿದ್ದರೆ, ಅಷ್ಟರಲ್ಲಿ ನಡೆಯುವ ಮನುಷ್ಯನು ಸುಮಾರು 40 ಸೆಂಟಿಮೀಟರ್ ಮುಂದೆ ಹೋಗಿರುವನು. ಗೋಡೆ ಸ್ಪಷ್ಟ, ಮನುಷ್ಯನು ಹೊಗೆ. ನಮ್ಮ ಹಿತ್ತಿಲಿನಲ್ಲಿ ಮುಖ ಕದಡಿದುದೂ ಹೀಗೆಯೇ. 1/25 ಸೆಕೆಂಡಿಗಿಂತ ನಿಧಾನವಾಗದಂತೆ ನಿಯಮಿಸಿಟ್ಟು ಪರೀಕ್ಷಿಸಬೇಕು.

ಮಸೂರದ ಮೇಲೆ ಎಫ್ ಎಂಬ ಅಂಕಿಯಿರುವುದು. ಅದು ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಎಫ್ 2.0 ಬಿಡುವುದರ ನಾಲ್ಕರಷ್ಟನ್ನು ಎಫ್ 1.0 ಒಳಕ್ಕೆ ಬಿಡುವುದು. ಮೆಗಾಪಿಕ್ಸೆಲ್ ಹೆಚ್ಚಾದರೆ ರಾತ್ರಿಯೂ ಒಳ್ಳೆಯದೆಂಬುದು ಭ್ರಾಂತಿ. ಒಂದೇ ಅಳತೆಯ ಸೆನ್ಸರಿನಲ್ಲಿ 2ರ ಬದಲು 8 ಮೆಗಾಪಿಕ್ಸೆಲ್ ತುಂಬಿದರೆ ಒಂದೊಂದು ಕಣಕ್ಕೂ ದೊರೆಯುವ ಬೆಳಕು ಕಾಲುಭಾಗ. 1/2.8 ಅಂಗುಲದ ಸೆನ್ಸರಿಗಿಂತ 1/1.8 ಅಂಗುಲದ್ದು ಸುಮಾರು ಇಮ್ಮಡಿ ವಿಸ್ತಾರವುಳ್ಳದ್ದು. ಹಣವನ್ನು ಅದಕ್ಕೆ ವ್ಯಯಿಸುವುದು ಮೇಲು.

ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯಂತೆ, ಅಪರಿಚಿತನನ್ನು ಇಂತಹವನೇ ಎಂದು ನಿರ್ಧರಿಸಲು ಮೀಟರಿಗೆ 250 ಪಿಕ್ಸೆಲ್ ಬೇಕಾಗಿದ್ದಿತು. 1920 ಪಿಕ್ಸೆಲ್ ಅಗಲದ ಚಿತ್ರವು ಏಳೂವರೆ ಮೀಟರಿಗಿಂತ ಹೆಚ್ಚು ಅಗಲವನ್ನು ಕಂಡರೆ ಮುಖದ ಗುರುತಿಗೆ ಸಾಲದೆಂದಾಯಿತು. ಅಗಲವಾಗಿ ನೋಡುವ 2.8 ಮಿಲಿಮೀಟರ್ ಮಸೂರದಲ್ಲಿ ಸುಮಾರು 3 ಮೀಟರಿನಾಚೆಗೇ ಈ ಗುರುತು ಕೆಡುವುದು. 6 ಮಿಲಿಮೀಟರಿನದು ಸುಮಾರು 8 ಮೀಟರಿನವರೆಗೆ ನಡೆಯುವುದು. ಅಂಗಳಕ್ಕೆ ಅಗಲದ್ದೊಂದು, ಬಾಗಿಲಿಗೆ ಕಿರಿದಾದದ್ದೊಂದು ಇಡುವುದು ವಿವೇಕ.

ತಂತಿಯಲ್ಲಿಯೇ ವಿದ್ಯುತ್ತೂ ಚಿತ್ರವೂ ಹರಿಯುವ ಪಿಒಇ ವ್ಯವಸ್ಥೆ 100 ಮೀಟರಿನವರೆಗೆ ಸಾಗುವುದು. ಕರೆಂಟು ಹೋದರೆ ಕಾವಲೂ ಹೋಗುವುದಾದುದರಿಂದ ಯುಪಿಎಸ್ ಅವಶ್ಯ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಒಂದು ಕ್ಯಾಮೆರಾ ದಿನಕ್ಕೆ 21.6 ಗಿಗಾಬೈಟ್ ತುಂಬಿಸುವುದು. ನಾಲ್ಕಕ್ಕೆ 1 ಟೆರಾಬೈಟ್ ಹನ್ನೊಂದು ದಿನಕ್ಕಾಗುವುದು. ಕೊಂಡ ದಿನವೇ ಗುಪ್ತಪದವನ್ನು ಬದಲಾಯಿಸತಕ್ಕದ್ದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಲ್ಲಿಟ್ಟ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಅಸಂಖ್ಯಾತ ಕ್ಯಾಮೆರಾಗಳನ್ನು ವಶಪಡಿಸಿಕೊಂಡಿದ್ದಿತು.

ಎಲ್ಲಕ್ಕೂ ಮೊದಲು, ಕೂರಿಸಿದ ರಾತ್ರಿಯೇ ಮನೆಯವರೊಬ್ಬರು ಕರಿಯ ಬಟ್ಟೆ ತೊಟ್ಟು ಎದುರಿಗೆ ನಡೆದು ನೋಡಬೇಕು. ನಾನು ಆ ಕೆಲಸವನ್ನು ಒಂದು ದಿನ ತಡವಾಗಿ ಮಾಡಿದೆನು.

ಮರುದಿನ ಹುಡುಗನ ಮನೆಗೆ ಹೋಗಿ, ಅವನ ತಾಯಿಯ ಎದುರಿನಲ್ಲಿ ಕ್ಷಮೆ ಬೇಡಿದೆನು. ನೆರೆಯವರಿಗೂ ಕೋಟಿನ ಚಿತ್ರವನ್ನು ತೋರಿಸಿದೆನು. ಹಂಡೆ ಸಿಕ್ಕಲಿಲ್ಲ, ಕದ್ದವನಾರೆಂಬುದು ಇಂದಿಗೂ ತಿಳಿಯದು. ಹುಡುಗನು ಎಂದಿನಂತೆ ಪತ್ರಿಕೆ ಹಾಕುತ್ತಿರುವನು. ಮೊದಲು ಜಗುಲಿಯವರೆಗೆ ಬಂದು ಇಟ್ಟುಹೋಗುತ್ತಿದ್ದವನು ಈಗ ಗೇಟಿನ ಹೊರಗಿನಿಂದಲೇ ಎಸೆದು ಹೋಗುವನು.