ಪ್ಯಾಕೆಟ್ಟಿನ ಹಿಂಬದಿ ನಮಗೆ ಕನ್ನಡದಲ್ಲಿ ಬೇಕು!

ತಾಯಂದಿರೇ, ಅಣ್ಣತಮ್ಮಂದಿರೇ, ಅಂಗಡಿ ಮಾಲೀಕರೇ, ಶಾಲೆಯ ಮೇಷ್ಟ್ರೇ, ಮೇಡಂಗಳೇ,

ಐದು ನಿಮಿಷ ನಿಂತು ಇದನ್ನು ಓದಿ. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಅವರಿಗೂ ಓದಿ ಹೇಳಿ.

ಹೊಟ್ಟೆ ಉಬ್ಬರಿಸಿದರೆ ಗ್ಯಾಸ್ಟ್ರಿಕ್, ತೇಗು ಬಂದರೆ ಗ್ಯಾಸ್ಟ್ರಿಕ್, ಬೆಳಗ್ಗೆ ಎದ್ದು ಎರಡು ಸಲ ಭೇದಿಯಾದರೂ ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿನಲ್ಲಿ ಒಂದು ಮಾತ್ರೆ ಕೇಳಿ ನುಂಗಿ ಕೆಲಸಕ್ಕೆ ಹೋಗುತ್ತೇವೆ. ಹಿಂದಿನ ದಿನ ಏನು ತಿಂದೆವು, ಅದರಲ್ಲಿ ಏನೇನಿತ್ತು ಎಂದು ಯೋಚಿಸುವವರು ಕಡಿಮೆ. ಯೋಚಿಸಿದವರಿಗೂ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು ಪ್ಯಾಕೆಟ್ಟಿನ ಹಿಂಬದಿಯಲ್ಲಿ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ.

ಕೆಲವು ಆಹಾರ ಕೆಲವರಿಗೆ ಆಗಿಬರುವುದಿಲ್ಲ. ಅದು ಭ್ರಮೆಯಲ್ಲ, ನಾಜೂಕಿನ ನಾಟಕವೂ ಅಲ್ಲ. ಹಾಲನ್ನೇ ನೋಡಿ. 100 ಮಿ.ಲೀ. ಹಾಲಿನಲ್ಲಿ ಹೆಚ್ಚುಕಡಿಮೆ 5 ಗ್ರಾಂ ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎದೆಹಾಲು ಬಿಟ್ಟ ಮೇಲೆ ಬಹಳ ಜನರಲ್ಲಿ ಈ ಕಿಣ್ವ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಜಗತ್ತಿನ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೇ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದು ಅಲ್ಲಿಯ ಬ್ಯಾಕ್ಟೀರಿಯಾಗಳ ಪಾಲಾದಾಗ ಗಾಳಿ ಹುಟ್ಟುತ್ತದೆ, ನೀರು ಸೇರುತ್ತದೆ, ಹೊಟ್ಟೆ ಗುಡುಗುಡು ಎನ್ನುತ್ತದೆ.

ಇಷ್ಟಕ್ಕೇ ಹಾಲನ್ನು ದೂರ ಮಾಡಬೇಡಿ. ಶಾಲೆಯಲ್ಲಿ ಕ್ಷೀರಭಾಗ್ಯದಡಿ ಕೊಡುವ 150 ಮಿ.ಲೀ. ಹಾಲಿನಲ್ಲಿರುವುದು ಸುಮಾರು 7 ಗ್ರಾಂ ಲ್ಯಾಕ್ಟೋಸ್. ಕಿಣ್ವ ಕಡಿಮೆ ಇರುವವರಲ್ಲೂ ಹೆಚ್ಚಿನವರು ಅಷ್ಟನ್ನು ತಾಳಿಕೊಳ್ಳುತ್ತಾರೆ. ಮೊಸರಾದರೆ ಇನ್ನೂ ಸಲೀಸು. ಹೆಪ್ಪು ಹಾಕಿದ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಮೊದಲೇ ಕರಗಿಸಿರುತ್ತವೆ. ಊಟದ ಕೊನೆಗೆ ಮೊಸರನ್ನ, ಮಜ್ಜಿಗೆ ಇಟ್ಟುಕೊಂಡ ನಮ್ಮ ಅಜ್ಜಿಯರ ಅಡುಗೆ ಮನೆಗೆ ಈ ವಿಷಯ ಅನುಭವದಿಂದಲೇ ಗೊತ್ತಿತ್ತು.

ಇದಕ್ಕಿಂತ ಗಂಭೀರವಾದದ್ದು ಅಲರ್ಜಿ. ಆಗಿಬಾರದ ಆಹಾರ ಹೊಟ್ಟೆಯನ್ನು ಕೆಡಿಸುತ್ತದೆ. ಅಲರ್ಜಿ ಪ್ರಾಣಕ್ಕೇ ಕುತ್ತು ತರಬಹುದು. ತಿಂದ ಕೆಲವೇ ಹೊತ್ತಿನಲ್ಲಿ ಮೈತುಂಬ ಪಿತ್ತದ ಗಂಧೆ ಎದ್ದರೆ, ತುಟಿ, ನಾಲಿಗೆ, ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಲ್ಯಾಕ್ಟೋಸ್ ಆಗದವರಿಗೆ ಬಿಸ್ಕತ್ತಿನಲ್ಲಿರುವ ಚೂರು ಹಾಲಿನ ಪುಡಿ ನಡೆದೀತು. ಹಾಲಿನ ಅಲರ್ಜಿ ಇರುವ ಮಗುವಿಗೆ ಆ ಚೂರೂ ನಡೆಯದು. ಆ ಚೂರು ಬಿಸ್ಕತ್ತಿನಲ್ಲಿ ಮಾತ್ರ ಇರುತ್ತದೆ ಎಂದುಕೊಳ್ಳಬೇಡಿ: ಬ್ರೆಡ್ಡಿನಲ್ಲಿ, ಚಾಕೊಲೇಟಿನಲ್ಲಿ, ಆಲೂಗಡ್ಡೆ ಚಿಪ್ಸಿಗೆ ಉದುರಿಸಿದ ಮಸಾಲೆಯಲ್ಲೂ 'ಮಿಲ್ಕ್ ಸಾಲಿಡ್ಸ್', 'ವೇ ಪೌಡರ್' ಎಂಬ ಹೆಸರಿನಲ್ಲಿ ಸೇರಿರಬಹುದು.

ಗೋಧಿಯ ಕಥೆಯೂ ಇದೇ. ಸೀಲಿಯಕ್ ಎಂಬ ಕಾಯಿಲೆಯಲ್ಲಿ ಗೋಧಿ, ಬಾರ್ಲಿಯಲ್ಲಿರುವ ಗ್ಲೂಟನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ಬೀಳುತ್ತದೆ. ಮಗುವಿನ ಬೆಳವಣಿಗೆ ನಿಲ್ಲುತ್ತದೆ, ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ರಕ್ತಹೀನತೆ ಹೋಗುವುದಿಲ್ಲ. ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರ ಆಸುಪಾಸಿನಲ್ಲಿರುವ ಈ ಕಾಯಿಲೆ ಅನ್ನ, ಮುದ್ದೆ ಉಣ್ಣುವ ನಮ್ಮ ಕಡೆ ಬಹಳ ಕಡಿಮೆ. ಕಡಿಮೆ ಇರುವುದರಿಂದಲೇ ಯಾರಿಗೂ ಬೇಗ ಹೊಳೆಯುವುದಿಲ್ಲ. ಬಂದವರಿಗೆ ಔಷಧಿ ಎಂದರೆ ಜೀವನಪೂರ್ತಿ ಗೋಧಿ, ಬಾರ್ಲಿ ಬಿಡುವುದು. ರಾಗಿ, ಜೋಳ, ಅಕ್ಕಿ, ನವಣೆ, ಸಾಮೆಗಳಲ್ಲಿ ಗ್ಲೂಟನ್ ಇಲ್ಲ, ನಮ್ಮ ನೆಲದ ಪುಣ್ಯ. ಆದರೆ ಉಪ್ಪಿಟ್ಟಿನ ರವೆ ಗೋಧಿಯದು. ಗೋಬಿ ಮಂಚೂರಿಗೆ ಸುರಿಯುವ ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಸಾರಿನ ಒಗ್ಗರಣೆಗೆ ಹಾಕುವ ಡಬ್ಬಿ ಇಂಗನ್ನೂ ತಿರುಗಿಸಿ ನೋಡಿ: ಅನೇಕ ಬ್ರಾಂಡುಗಳಲ್ಲಿ ಅದು ಬರೀ ಇಂಗಲ್ಲ, ಗೋಧಿ ಹಿಟ್ಟೋ ಮೈದಾವೋ ಬೆರೆಸಿದ ಪುಡಿ. ಮುದ್ದೆ-ಸಾರು ಉಂಡು ಪಥ್ಯ ಮಾಡುತ್ತಿದ್ದೇನೆ ಎಂದುಕೊಂಡ ರೋಗಿಯ ಹೊಟ್ಟೆಗೆ ಗೋಧಿ ಹೋಗುತ್ತಲೇ ಇರುತ್ತದೆ.

ಇದೆಲ್ಲ ಹೇಳಬೇಕೆಂದು ಕೇಂದ್ರದ ಕಾನೂನೇ ಇದೆ. ಗ್ಲೂಟನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಕಡಲೆಕಾಯಿ, ಗೋಡಂಬಿ-ಬಾದಾಮಿ ಜಾತಿಯವು, ಸೋಯಾ, ಹಾಗೂ ಕಿಲೋಗೆ 10 ಮಿ.ಗ್ರಾಂ ಮುಟ್ಟಿದ ಸಲ್ಫೈಟ್ – ಇವುಗಳಲ್ಲಿ ಯಾವುದು ಇದ್ದರೂ ಪ್ಯಾಕೆಟ್ಟಿನ ಮೇಲೆ ಪ್ರತ್ಯೇಕವಾಗಿ ನಮೂದಿಸಬೇಕು. ಆದರೆ ಅದೇ ಕೇಂದ್ರ ನಿಯಮ ಹೇಳುತ್ತದೆ: ವಿವರ ಇಂಗ್ಲಿಷಿನಲ್ಲಾದರೂ ಇರಲಿ, ಹಿಂದಿಯಲ್ಲಾದರೂ ಇರಲಿ, ಸಾಕು. ಬೇರೆ ಭಾಷೆಯಲ್ಲಿ ಹಾಕಲು ಅಡ್ಡಿ ಇಲ್ಲ, ಹಾಕಲೇಬೇಕೆಂಬ ಒತ್ತಾಯವೂ ಇಲ್ಲ.

ಈ ಪ್ಯಾಕೆಟ್ಟು ಮಾರುವ ಕಂಪನಿಯ ಜಾಹೀರಾತು ಟಿವಿಯಲ್ಲಿ ಅಚ್ಚ ಕನ್ನಡದಲ್ಲಿ ಹಾಡುತ್ತದೆ. ಹೋರ್ಡಿಂಗ್ ಕನ್ನಡದಲ್ಲಿದೆ. ಮಾರಲು ಬೇಕಾದ ಕನ್ನಡ, ಮಗುವಿನ ಗಂಟಲು ಊದದಂತೆ ಎಚ್ಚರಿಸಲು ಯಾಕೆ ಬೇಡ? ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಓದಿ ಗಾರ್ಮೆಂಟ್ಸಿನಲ್ಲಿ ದುಡಿಯುವ ತಾಯಿ ತನ್ನ ಮಗುವಿನ ತಿಂಡಿಯಲ್ಲಿ ಏನಿದೆ ಎಂದು ತಿಳಿಯಲು ಯಾರ ಮನೆ ಬಾಗಿಲಿಗೆ ಹೋಗಬೇಕು?

ನನಗೆ ಯಾವ ಅಲರ್ಜಿಯೂ ಇಲ್ಲ, ನನಗೇಕೆ ಇದು ಎನ್ನುವವರೂ ಕೇಳಿ. ಕಾರ್ಖಾನೆಯಲ್ಲಿ ಹಿಟ್ಟು, ಎಣ್ಣೆ, ಸಕ್ಕರೆಯ ಜೊತೆ ರುಚಿ, ಬಣ್ಣ, ಎಮಲ್ಸಿಫೈಯರ್ ಸೇರಿಸಿ ಮಾಡಿದ ತಿನಿಸು ತಿನ್ನುವವರ ಹಸಿವಿನ ಲೆಕ್ಕವನ್ನೇ ತಪ್ಪಿಸುತ್ತದೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಇಂಥ ತಿನಿಸು, ಎರಡು ವಾರ ಸಹಜ ಆಹಾರ ಕೊಟ್ಟಿತು. ಬಡಿಸಿದ ಎರಡೂ ಬಗೆಯ ಊಟದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಒಂದೇ ಸಮ, ಬೇಕಾದಷ್ಟು ತಿನ್ನಬಹುದಿತ್ತು. ಕಾರ್ಖಾನೆ ತಿನಿಸು ಸಿಕ್ಕ ಕಾಲದಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡೇ ವಾರದಲ್ಲಿ ಒಂದು ಕಿಲೋ ಹತ್ತಿರ ತೂಕ ಏರಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ.

ಪ್ಯಾಕೆಟ್ಟಿನಲ್ಲಿ ಬಂದದ್ದೆಲ್ಲ ವಿಷ ಎಂದು ನಾವು ಹೇಳುತ್ತಿಲ್ಲ. ಬೆಳಗಿನ ಏಳಕ್ಕೆ ಪಾಳಿಗೆ ಓಡುವ ತಾಯಿ ಮಗುವಿನ ಕೈಗೆ ಐದು ರೂಪಾಯಿ ಪ್ಯಾಕೆಟ್ ಕೊಟ್ಟರೆ ಅದು ಅವಳ ತಪ್ಪಲ್ಲ. ಆ ಐದು ರೂಪಾಯಿಗೆ ಏನು ಕೊಂಡೆ ಎಂದು ತಿಳಿಯುವ ಹಕ್ಕು ಮಾತ್ರ ಅವಳದು.

ತಿರುಗಿಸಿ ನೋಡುವುದನ್ನು ಇವತ್ತೇ ಶುರು ಮಾಡಿ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದೇ ಮೊದಲು ಬರಬೇಕೆಂಬುದು ನಿಯಮ. 'ರಾಗಿ ಬಿಸ್ಕತ್ತು' ಎಂದು ದಪ್ಪಗೆ ಬರೆದ ಪೊಟ್ಟಣದ ಪಟ್ಟಿ 'ರಿಫೈನ್ಡ್ ವೀಟ್ ಫ್ಲೋರ್' ಎಂದು ಶುರುವಾದರೆ ನೀವು ಕೊಂಡದ್ದು ಮೈದಾ ಬಿಸ್ಕತ್ತು. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಎಲ್ಲವೂ ಸಕ್ಕರೆಯೇ. ಸೋಡಿಯಂ 400 ಮಿ.ಗ್ರಾಂ ಎಂದರೆ 1 ಗ್ರಾಂ ಉಪ್ಪು. ದಿನಕ್ಕೆ ನಮಗೆ ಎಲ್ಲ ಸೇರಿ 5 ಗ್ರಾಂ ದಾಟಬಾರದು. 'ಶುಗರ್ ಫ್ರೀ' ಚಾಕೊಲೇಟು ತಿಂದು ಭೇದಿಯಾದರೆ ಅದರಲ್ಲಿರುವ ಮಾಲ್ಟಿಟಾಲ್, ಸಾರ್ಬಿಟಾಲ್ ಕಾರಣವಿರಬಹುದು.

ಯಾವುದೋ ಆಹಾರ ಆಗಿಬರುವುದಿಲ್ಲ ಎಂಬ ಅನುಮಾನ ಇದ್ದವರು ತಿಂದದ್ದನ್ನೂ ಆದ ತೊಂದರೆಯನ್ನೂ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದು ವೈದ್ಯರಿಗೆ ತೋರಿಸಿ. ಸೀಲಿಯಕ್ ಅನುಮಾನವಿದ್ದರೆ ರಕ್ತ ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ, ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ತಪ್ಪಿಸಿಕೊಳ್ಳುತ್ತದೆ. ಸಾವಿರಾರು ರೂಪಾಯಿ ಕೇಳಿ ನೂರಾರು ಆಹಾರಗಳಿಗೆ 'ಐಜಿಜಿ' ಪರೀಕ್ಷೆ ಮಾಡುತ್ತೇವೆ ಎನ್ನುವ ಪ್ಯಾಕೇಜುಗಳಿಗೆ ಹಣ ಸುರಿಯಬೇಡಿ. ಅಲರ್ಜಿ ತಜ್ಞರ ಸಂಘಗಳು ಅದನ್ನು ಒಪ್ಪುವುದಿಲ್ಲ. ಅದರ ಮಾತು ಕೇಳಿ ಮಕ್ಕಳ ಹಾಲು, ಮೊಟ್ಟೆ, ಬೇಳೆ ಬಿಡಿಸುವುದು ದೊಡ್ಡ ಅನ್ಯಾಯ.

ನಮ್ಮ ಒತ್ತಾಯ

ಕರ್ನಾಟಕದಲ್ಲಿ ಮಾರುವ ಪ್ರತಿ ಆಹಾರದ ಪ್ಯಾಕೆಟ್ಟಿನ ಪದಾರ್ಥ ಪಟ್ಟಿ ಮತ್ತು ಅಲರ್ಜಿ ಎಚ್ಚರಿಕೆ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಗಾತ್ರದಲ್ಲಿ ಇರಲೇಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಸೂಚನೆಗಳನ್ನು ಕನ್ನಡದಲ್ಲೂ ಕೇಳುತ್ತದೆ. ಹೊರರಾಜ್ಯದ ಕಾರ್ಖಾನೆಯ ಸರಕಿಗೆ ಅದು ತಾಗುವುದಿಲ್ಲ. ಆದ್ದರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ ನಿಯಮ ತಿದ್ದಬೇಕು, ನಮ್ಮ ಸರ್ಕಾರ ಅದಕ್ಕಾಗಿ ಪಟ್ಟು ಹಿಡಿಯಬೇಕು.

ಉಪ್ಪು, ಸಕ್ಕರೆ, ಕೊಬ್ಬು ಹೆಚ್ಚಿದ್ದರೆ ಪ್ಯಾಕೆಟ್ಟಿನ ಮುಂಬದಿಯಲ್ಲೇ ಎಚ್ಚರಿಕೆ ಇರಲಿ. ಚಿಲಿ ದೇಶ 2016ರಿಂದ ಎಂಟು ಮೂಲೆಯ ಕಪ್ಪು ಗುರುತು ಹಾಕಿಸುತ್ತಿದೆ. ಅದನ್ನು ಚಿಕ್ಕ ಮಗುವೂ ಗುರುತಿಸಬಲ್ಲದು. ನಮ್ಮಲ್ಲಿ ಮುಂಬದಿ ಎಚ್ಚರಿಕೆಯ ಬಗ್ಗೆ ಶಿಫಾರಸು ಕೊಡಿ ಎಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳ ಗಡುವು ಕೊಟ್ಟಿತ್ತು. ಆ ಗಡುವು ಮುಂದಕ್ಕೆ ಹೋಯಿತು.

ಸರ್ಕಾರಕ್ಕೆ ಇದು ಆಗದ ಕೆಲಸವಲ್ಲ. ಬೊಂಬಾಯಿ ಮಿಠಾಯಿಯಲ್ಲಿ ರೋಡಮೈನ್-ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣ ಸಿಕ್ಕಾಗ 2024ರ ಮಾರ್ಚ್‌ನಲ್ಲಿ ಇದೇ ಕರ್ನಾಟಕ ಅದಕ್ಕೂ ಗೋಬಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ತಡೆ ಬಿತ್ತು. ಜನ ಮಾತಾಡಿದ್ದರಿಂದ, ಅಧಿಕಾರಿಗಳು ಸ್ಯಾಂಪಲ್ ತೆಗೆದದ್ದರಿಂದ ಅದು ಆಯಿತು.

ಶಾಲೆಯ ಗೇಟಿನ ಬಗ್ಗೆ ಈಗಾಗಲೇ ನಿಯಮ ಇದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಗೇಟಿನಿಂದ 50 ಮೀಟರ್ ಒಳಗೆ ಯಾವ ದಿಕ್ಕಿನಲ್ಲೂ ಮಾರುವಂತಿಲ್ಲ, ಜಾಹೀರಾತು ಹಾಕುವಂತಿಲ್ಲ. ಇದು 2020ರ ನಿಯಮಾವಳಿ. ಮುಂದಿನ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರೇ ಎದ್ದು ನಿಂತು ಈ 50 ಮೀಟರಿನ ಮಾತು ತೆಗೆಯಿರಿ. ಪೆಟ್ಟಿಗೆ ಅಂಗಡಿಯ ಅಣ್ಣನ ಹೊಟ್ಟೆಯ ಮೇಲೆ ಹೊಡೆಯುವುದು ನಮ್ಮ ಉದ್ದೇಶವಲ್ಲ. ಬಾಳೆಹಣ್ಣು, ಸೀಬೆ, ಹುರಿಗಡಲೆ, ಬೇಯಿಸಿದ ಕಡಲೆಕಾಯಿ ಅವರೇ ಮಾರಲಿ, ನಮ್ಮ ಮಕ್ಕಳು ಅವರ ಹತ್ತಿರವೇ ಕೊಳ್ಳಲಿ.

ಸುಳ್ಳು ಲೇಬಲ್, ಅವಧಿ ಮೀರಿದ ಸರಕು, 14 ಅಂಕಿಯ ಲೈಸೆನ್ಸ್ ಸಂಖ್ಯೆ ಇಲ್ಲದ ಪ್ಯಾಕೆಟ್ ಕಂಡರೆ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಆಹಾರ ಸುರಕ್ಷತಾ ಪ್ರಾಧಿಕಾರದ ಉಚಿತ ದೂರವಾಣಿ 1800 112 100. ಬಿಲ್ಲನ್ನೂ ಪ್ಯಾಕೆಟ್ಟನ್ನೂ ಎಸೆಯದೆ ಇಟ್ಟುಕೊಳ್ಳಿ.

ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಬಸ್ ನಿಲ್ದಾಣದ ಎದುರು ಮನವಿಗೆ ಸಹಿ ಸಂಗ್ರಹ. ನಿಮ್ಮ ಮನೆಯಲ್ಲಿ ಖಾಲಿಯಾದ ಒಂದು ಪ್ಯಾಕೆಟ್ ತನ್ನಿ. ಹಿಂಬದಿಯಲ್ಲಿ ನಿಮಗೆ ಓದಲಾಗದ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ಅದರ ಮೇಲೇ ಸಹಿ ಅಥವಾ ಹೆಬ್ಬೆಟ್ಟು ಒತ್ತಿ ಕೊಡಿ. ಅವನ್ನೆಲ್ಲ ಮನವಿಯ ಜೊತೆ ಹೊಲಿದು ಸೋಮವಾರ ತಹಶೀಲ್ದಾರರ ಕೈಗೆ ಕೊಡುತ್ತೇವೆ.

– ನಿಮ್ಮದೇ ಬೀದಿಯ ತಾಯಂದಿರು ಮತ್ತು ಗೆಳೆಯರು

(ಓದಿದ ಮೇಲೆ ಎಸೆಯಬೇಡಿ, ಪಕ್ಕದ ಮನೆಗೆ ಕೊಡಿ.)