ಸೋತು ಗೆದ್ದ ಚುಕ್ಕಾಣಿಗ

ನ್ಯೂಯಾರ್ಕ್ ಯಾಟ್ ಕ್ಲಬ್ಬಿನ ಕೋಣೆಯೊಂದರಲ್ಲಿ ಬೆಳ್ಳಿಯ ಹೂಜಿಯೊಂದನ್ನು ಮೇಜಿಗೆ ಬಿಗಿದು ಇಟ್ಟಿದ್ದರು. 1851ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪವನ್ನು ಸುತ್ತುವ ಪಂದ್ಯದಲ್ಲಿ ‘ಅಮೆರಿಕಾ’ ಎಂಬ ಹಾಯಿನಾವೆ ಅದನ್ನು ಗೆದ್ದು ತಂದಿತು. ಆ ನಾವೆಯ ಹೆಸರಿನಿಂದಲೇ ಅದು ‘ಅಮೆರಿಕಾ ಕಪ್’ ಎನಿಸಿಕೊಂಡಿತು. ಮುಂದೆ 132 ವರ್ಷಗಳ ಕಾಲ ಎಷ್ಟು ಮಂದಿ ಶ್ರೀಮಂತರು ಎಷ್ಟು ನಾವೆಗಳೊಡನೆ ಬಂದು ಸೆಣಸಿದರೂ ಹೂಜಿ ಕದಲಲಿಲ್ಲ. ಅದನ್ನು ಕಳೆದುಕೊಳ್ಳುವ ನಾಯಕನ ತಲೆಯನ್ನೇ ಆ ಜಾಗದಲ್ಲಿ ಇಡಲಾಗುವುದೆಂಬ ವಿನೋದದ ಮಾತೊಂದು ಬಳಕೆಯಲ್ಲಿತ್ತು. ಒಬ್ಬನ ಪಾಲಿಗೆ ಮಾತ್ರ ಅದು ವಿನೋದವಾಗಿ ಉಳಿಯಲಿಲ್ಲ. ಆತನೇ ಡೆನಿಸ್ ಕಾನರ್.

ಕಾನರ್ ಹುಟ್ಟಿದ್ದು 1942ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದಲ್ಲಿ. ಹಾಯಿನಾವೆಯ ಪಂದ್ಯ ಸಿರಿವಂತರ ಆಟ. ಕಾನರನ ಮನೆಯವರು ಸಿರಿವಂತರಲ್ಲ. ಸ್ವಂತ ನಾವೆಯಿಲ್ಲದ ಹುಡುಗ ಊರಿನ ಕ್ಲಬ್ಬಿನ ಸುತ್ತ ಸುಳಿಯುತ್ತ, ಪರರ ನಾವೆಗಳಲ್ಲಿ ಕೈಯಾಳಾಗಿ ಹಗ್ಗ ಎಳೆಯುತ್ತ ವಿದ್ಯೆ ಕಲಿತ. ದೊಡ್ಡವನಾದ ಮೇಲೆ ಜೀವನಕ್ಕೆ ಪರದೆ, ರತ್ನಗಂಬಳಿಗಳ ವ್ಯಾಪಾರ, ಜೀವಕ್ಕೆ ಸಮುದ್ರ. ‘ಸ್ಟಾರ್’ ವರ್ಗದ ದೋಣಿಯಲ್ಲಿ 1971ರಲ್ಲಿಯೂ 1977ರಲ್ಲಿಯೂ ವಿಶ್ವವಿಜೇತನಾದ. 1976ರ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಪಡೆದ.

ಅಂದಿನವರೆಗೆ ಈ ಪಂದ್ಯ ಅನೇಕರಿಗೆ ಬೇಸಗೆಯ ಬಿಡುವಿನ ವಿಲಾಸವಾಗಿತ್ತು. ಕಾನರ್ ಅದನ್ನು ವರ್ಷವಿಡೀ ದುಡಿಯುವ ಕಸುಬನ್ನಾಗಿ ಮಾಡಿದ. ಎರಡು ನಾವೆಗಳನ್ನು ಒಂದರ ಪಕ್ಕದಲ್ಲೊಂದು ಓಡಿಸಿ, ಹಾಯಿಯ ಮೇಲೆ ಹಾಯಿ ಬದಲಿಸಿ ಪರೀಕ್ಷಿಸಿದ. ಅದರ ಫಲವಾಗಿ 1980ರಲ್ಲಿ ‘ಫ್ರೀಡಂ’ ನಾವೆಯ ನಾಯಕನಾಗಿ ಆಸ್ಟ್ರೇಲಿಯಾದವರನ್ನು 4–1ರಿಂದ ಸೋಲಿಸಿ ಹೂಜಿಯನ್ನು ಕಾಪಾಡಿದ. ಅದಕ್ಕೂ ಎರಡು ವರ್ಷ ಮೊದಲೇ ಆತನದೊಂದು ಪುಸ್ತಕ ಪ್ರಕಟವಾಗಿತ್ತು. ಸೋಲಿಗೆ ನೆಪವಿಲ್ಲ ಎಂಬುದೇ ಅದರ ಹೆಸರಿನ ಅರ್ಥ.

ಆ ಮಾತನ್ನು ವಿಧಿ ಮರೆಯಲಿಲ್ಲ. 1983ರಲ್ಲಿ ನ್ಯೂಪೋರ್ಟಿಗೆ ಬಂದ ‘ಆಸ್ಟ್ರೇಲಿಯಾ 2’ ನಾವೆ ತನ್ನ ತಳಭಾಗವನ್ನು ಪರದೆಯಿಂದ ಮರೆಮಾಡಿಕೊಂಡಿತ್ತು. ನಾವೆ ಮಗುಚದಂತೆ ನೀರಿನೊಳಗೆ ಇಳಿದಿರುವ ಭಾರದ ಭಾಗಕ್ಕೆ ಕೀಲ್ ಎನ್ನುತ್ತಾರೆ. ಬೆನ್ ಲೆಕ್ಸೆನ್ ಎಂಬಾತ ಅದಕ್ಕೆ ರೆಕ್ಕೆಗಳನ್ನು ಜೋಡಿಸಿದ್ದ. ಏಳು ಓಟಗಳ ಪಂದ್ಯದಲ್ಲಿ ಕಾನರನ ‘ಲಿಬರ್ಟಿ’ 3–1ರಿಂದ ಮುಂದಿತ್ತು. ಆದರೆ ಎದುರಾಳಿ ನಾಯಕ ಜಾನ್ ಬರ್ಟ್ರಂಡ್ ಎರಡು ಓಟಗಳನ್ನು ಗೆದ್ದು ಸರಿಗಟ್ಟಿದ. ಸೆಪ್ಟೆಂಬರ್ 26ರಂದು ಕಡೆಯ ಓಟ. ಅದರಲ್ಲಿಯೂ ಕಾನರ್ 57 ಸೆಕೆಂಡುಗಳಷ್ಟು ಮುಂದಿದ್ದ. ಗಾಳಿಯೊಡನೆ ಸಾಗುವ ಐದನೆಯ ಹಂತದಲ್ಲಿ ಗಾಳಿ ಕ್ಷೀಣವಾಗಿತ್ತು. ನಾವೆಗಳೆರಡೂ ಬೇರೆ ಬೇರೆ ದಾರಿ ಹಿಡಿದವು. ಅವು ಮತ್ತೆ ಸಮೀಪಿಸಿದಾಗ ಆಸ್ಟ್ರೇಲಿಯಾದ ನಾವೆ ಮುಂದಿತ್ತು! ಕೊನೆಯ ಹಂತದಲ್ಲಿ ಅದನ್ನು ದಾಟಿಹೋಗಲು ಕಾನರ್ ಎಡಕ್ಕೂ ಬಲಕ್ಕೂ 47 ಬಾರಿ ನಾವೆಯನ್ನು ಹೊರಳಿಸಿದ. ಫಲವಾಗಲಿಲ್ಲ, 41 ಸೆಕೆಂಡುಗಳಿಂದ ಹೂಜಿ ಹೋಯಿತು.

ಅಂದು ಪತ್ರಿಕೆಯವರ ಮುಂದೆ ನಿಂತ ಕಾನರ್ ಎದುರಾಳಿಯ ನಾವೆಯೇ ಮೇಲೆಂದು ಒಪ್ಪಿಕೊಂಡ. ಕಣ್ಣು ತುಂಬಿ ಬಂತು, ಅಲ್ಲಿಂದ ಹೊರಟುಹೋದ. 132 ವರ್ಷ ಅನೇಕರು ಕೂಡಿ ಗೆದ್ದಿದ್ದರು; ಸೋಲಿನ ಹೊರೆ ಮಾತ್ರ ಒಬ್ಬನ ಹೆಗಲಿಗೆ ಬಿದ್ದಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬುದು ಗಾದೆ. ತಡವಾಗಿ ಉರಿದ ಒಲೆಯನ್ನು ಆರಿಸದೆ ಅದರ ಮೇಲೆ ಮತ್ತೊಂದು ಅಡುಗೆಗೆ ಎಸರಿಟ್ಟವನು ಕಾನರ್. ನ್ಯೂಯಾರ್ಕಿನವರ ಆಶ್ರಯ ಬಿಟ್ಟು ತಾನು ಬೆಳೆದ ಸ್ಯಾನ್ ಡಿಯಾಗೋ ಕ್ಲಬ್ಬಿನ ಪರವಾಗಿ ಸಿದ್ಧತೆಗೆ ತೊಡಗಿದ. ಮುಂದಿನ ಪಂದ್ಯ ನಡೆಯಬೇಕಾದದ್ದು ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಳಿ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಬೇಸಗೆಯ ಮಧ್ಯಾಹ್ನ ಕಡಲಿನಿಂದ ಬಿರುಗಾಳಿಯಂಥ ಗಾಳಿ ಏಳುತ್ತದೆ. ಬೇಗೆಯನ್ನು ಆರಿಸುವುದರಿಂದ ಊರವರು ಅದಕ್ಕೆ ‘ಡಾಕ್ಟರ್’ ಎಂದೇ ಹೆಸರಿಟ್ಟಿದ್ದಾರೆ. ಅಂಥದೇ ಗಾಳಿಯುಳ್ಳ ಹವಾಯಿ ದ್ವೀಪಗಳಿಗೆ ಕಾನರ್ ತನ್ನ ತಂಡವನ್ನು ಕರೆದೊಯ್ದ. ಒಂದಾದ ಮೇಲೊಂದು ನಾವೆ ಕಟ್ಟಿಸಿ ಪರೀಕ್ಷಿಸಿದ. ತನ್ನನ್ನು ಸೋಲಿಸಿದ ರೆಕ್ಕೆಗಳನ್ನೇ ತನ್ನ ನಾವೆಯ ಕೀಲಿಗೂ ಕಟ್ಟಿಸಿದ. ಅಭಿಮಾನ ಅಡ್ಡಬರಲಿಲ್ಲ.

ಎಣಿಕೆ ತಪ್ಪಲಿಲ್ಲ. ಅಲ್ಲಿಯವರೆಗೆ 38 ಓಟಗಳಲ್ಲಿ ಒಂದನ್ನು ಮಾತ್ರ ಸೋತಿದ್ದ ನ್ಯೂಜಿಲೆಂಡಿನ ನಾವೆಯನ್ನು ಆತನ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್’ 4–1ರಿಂದ ಹಿಂದೆ ಹಾಕಿತು. ಬಳಿಕ ಆಸ್ಟ್ರೇಲಿಯಾದ ‘ಕೂಕಬುರಾ 3’ ನಾವೆಯನ್ನು ನಾಲ್ಕು ಓಟಗಳಲ್ಲಿಯೂ ಸೋಲಿಸಿ, 1987ರ ಫೆಬ್ರವರಿ 4ರಂದು ಹೂಜಿಯನ್ನು ಮರಳಿ ಪಡೆಯಿತು. ಕಳೆದುಕೊಂಡವನೇ ಗೆದ್ದು ತಂದದ್ದು ಆ ಹೂಜಿಯ ಚರಿತ್ರೆಯಲ್ಲಿ ಅದೇ ಮೊದಲು.

ಕಥೆ ಅಲ್ಲಿಗೇ ಮುಗಿದಿದ್ದರೆ ಸೊಗಸಾಗಿರುತ್ತಿತ್ತು. ಆದರೆ ಬಾಳು ಕಥೆಗಾರನ ಮಾತು ಕೇಳುವುದಿಲ್ಲ. 1988ರಲ್ಲಿ ನ್ಯೂಜಿಲೆಂಡಿನ ಭಾರಿ ನಾವೆಯೆದುರು ಕಾನರ್ ಜೋಡಿ ಒಡಲಿನ ಹಗುರ ದೋಣಿಯನ್ನಿಳಿಸಿ ಗೆದ್ದಾಗ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. 1995ರಲ್ಲಿ ಆತನ ತಂಡ ನ್ಯೂಜಿಲೆಂಡಿಗೆ 0–5ರಿಂದ ಸೋತು, ಹೂಜಿ ಮತ್ತೊಮ್ಮೆ ಕಡಲು ದಾಟಿತು. ಆಮೇಲೆಯೂ ಆತ ಆಕ್ಲೆಂಡಿಗೆ ಎರಡು ಬಾರಿ ಅದನ್ನು ಅರಸಿಕೊಂಡು ಹೋದ, ಬರಿಗೈಯಲ್ಲಿ ಮರಳಿದ.

ಸೋಲಿಗೆ ನೆಪವಿಲ್ಲವೆಂದು ಗೆಲ್ಲುತ್ತಿರುವಾಗ ಹೇಳುವುದು ಸುಲಭ. ಸೋತ ದಿನ ಯಾವ ನೆಪವನ್ನೂ ಹುಡುಕದೆ, ಮರುದಿನದ ಗಾಳಿ ಯಾವ ಕಡೆಯದೆಂದು ನೋಡುವುದು ಕಷ್ಟ. ಡೆನಿಸ್ ಕಾನರ್ ತನ್ನ ಪುಸ್ತಕದ ಹೆಸರಿಗೆ ನಿಜವಾದ ಅರ್ಥ ಬರೆದದ್ದು ಆ ನಾಲ್ಕು ವರ್ಷಗಳಲ್ಲಿ.