ಅಡುಗೆಮನೆಗೆ ಮೂಲೆ ಒಂದೇ ಸಾಕೇ?

ಮನೆ ಕಟ್ಟುವಾಗ ಅಡುಗೆಮನೆ ಆಗ್ನೇಯ ಮೂಲೆಗೇ ಬೇಕು ಅಂತಾರೆ. ಅದು ಅಗ್ನಿಯ ದಿಕ್ಕಂತೆ. ಇರಲಿ. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುತ್ತದೆ, ಆ ಮೂಲೆಯ ಹೊಗೆ ಮನೆತುಂಬ ಹರಡದೆ ಹೊರಗೆ ಹೋಗಲಿ ಅನ್ನೋ ಲೆಕ್ಕ ನನಗೂ ಸರಿ ಅನಿಸುತ್ತದೆ. ಆದರೆ ಕಿಟಕಿನೇ ಇಲ್ಲದಿದ್ದರೆ ಹೊಗೆ ಹೋಗೋದೆಲ್ಲಿ? ಚೀನಾ ದೇಶದವರ ವಾಸ್ತುವಿಗೆ ಫೆಂಗ್ ಶುಯಿ ಅಂತ ಹೆಸರು. ಹಾಗಂದರೆ ಗಾಳಿ, ನೀರು. ನಮ್ಮವರು ಗಾಳಿ ಬಿಟ್ಟು ಬರೀ ಮೂಲೆ ಹಿಡಿದಾರೆ.

ಉಜ್ವಲಾ ಗ್ಯಾಸ್ ಯೋಜನೆ 2016ರಲ್ಲೇ ಬಂತು. ಆದರೂ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಕಟ್ಟಿಗೆ ಒಲೆ ಮೇಲೇ. ಅವ್ವ ಕೆಮ್ಮುತ್ತಲೇ ರೊಟ್ಟಿ ಬಡೀತಾಳೆ, ಕಣ್ಣು ಕೆಂಪಾಗ್ತಾವ. ಹೊಸ ಮನೆಗೆ ಒಲೆ ಹತ್ತಿರ ಕಿಟಕಿ, ಮ್ಯಾಲೆ ಬೆಳಕಿಂಡಿ ಬೇಕಂತ ಅಪ್ಪಗ ಹೇಳೀನಿ. ಬುನಾದಿ ಹಾಕೋಕೆ ಮೊದಲು ಅವ್ವನ್ನೂ ಒಂದು ಮಾತು ಕೇಳು ಅಂದೀನಿ. ಅಪ್ಪ ಇನ್ನೂ ಹೂಂ ಅಂದಿಲ್ಲ.